ಟವೆಲ್ಲಿನ ಕೆಳಗೆ ನಾಲ್ಕು ಟೈರು

ನಮ್ಮ ಸೋದರಮಾವ ತಮ್ಮ ನೆರಳಿನ ಮೇಲೂ ಅನುಮಾನ ಪಡುವ ಮನುಷ್ಯ ಎಂದರೆ ನೀವು ಉತ್ಪ್ರೇಕ್ಷೆ ಅನ್ನಬಹುದು. ಇರಲಿ, ಅವರ ಜೊತೆ ಒಮ್ಮೆ ಸಂತೆಗೆ ಹೋಗಿ ಬನ್ನಿ! ಕಡಲೆಕಾಯಿ ಕೊಂಡರೆ ಮೂಟೆಯ ತಳದಿಂದ ಒಂದು ಹಿಡಿ ತೆಗೆಸುತ್ತಾರೆ. ಡಾಕ್ಟರು ಬಿ.ಪಿ. ನೋಡಲು ಬಂದರೆ, "ಮೊದ್ಲು ನಿಮ್ದು ಎಷ್ಟೈತೆ ನೋಡ್ಕಳ್ರಿ, ಮಿಷನ್ ಸರಿ ಐತೋ ಇಲ್ಲೋ" ಅನ್ನುತ್ತಾರೆ. ಮೂವತ್ತು ವರ್ಷ ಎತ್ತಿನ ವ್ಯಾಪಾರದಲ್ಲಿ ದಲ್ಲಾಳಿಯಾಗಿದ್ದವರು. ಹಲ್ಲು, ಗೊರಸು, ಸುಳಿ ನೋಡದೆ ಏನನ್ನೂ ಒಪ್ಪಿದವರಲ್ಲ. ನನಗೆ ಹೆಣ್ಣು ನೋಡಲು ಹೋಗುವಾಗ ಅವರನ್ನು ಮನೆಯಲ್ಲೇ ಬಿಟ್ಟುಹೋಗಿದ್ದು ಅದಕ್ಕೇ!

ಇಂಥವರನ್ನು ಟೈರ್ ಕೊಳ್ಳಲು ಕರೆದುಕೊಂಡು ಹೋಗುವ ಮೂರ್ಖ ಇರುತ್ತಾನೆಯೇ? ಇದ್ದೇನೆ. ಕರೆದೆ ಅಂತಲ್ಲ, ಅವರೇ ಬಂದು ಮುಂದಿನ ಸೀಟಿನಲ್ಲಿ ಕೂತರು.

ವಿಷಯ ಇಷ್ಟು. ಹಿರಿಯೂರಿನ ಕಡೆ ಭಾನುವಾರ ಡ್ರ್ಯಾಗ್ ರೇಸ್ ಇತ್ತು. ಎರಡು ಕಾರು ಅಕ್ಕಪಕ್ಕ ನಿಂತು, ನೇರ ದಾರಿಯಲ್ಲಿ ಯಾರು ಮೊದಲು ಗುರಿ ಮುಟ್ಟುತ್ತಾರೆ ಎಂಬ ಆಟ. ಮೂವತ್ತೈದು ದಾಟಿದ ಬ್ಯಾಂಕ್ ಗುಮಾಸ್ತನಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ, ಹೆಂಡತಿ ಆಗಲೇ ಕೇಳಿದ್ದಾಳೆ! ರೇಸಿಗೆ ಮೆತ್ತನೆ ರಬ್ಬರಿನ, ಗೆರೆಗಳೇ ಇಲ್ಲವೆನ್ನುವಂಥ ಅಗಲ ಟೈರು ಬೇಕು; ಒಣನೆಲವನ್ನು ಕಚ್ಚಿ ಹಿಡಿಯುತ್ತದೆ. ಆದರೆ ಅದು ಮಳೆಗಾಲ. ಹೆಂಡತಿಗೆ ಒಂಬತ್ತು ತಿಂಗಳು. ನಾವಿರುವುದು ಹೊಳಲ್ಕೆರೆ, ಅವಳ ಆಸ್ಪತ್ರೆ ಚಿತ್ರದುರ್ಗದಲ್ಲಿ. ನನ್ನಿಂದ ಕೊಳ್ಳಲಾಗುವುದು ಒಂದೇ ಸೆಟ್ಟು. ಹೆರಿಗೆಗೆ ಇನ್ನೂ ಮೂರು ವಾರ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

ದುರ್ಗದ ಅಂಗಡಿಯಲ್ಲಿ ಮಾವ ಟೈರುಗಳ ಸುತ್ತ ಮೂರು ಸುತ್ತು ಬಂದರು. ಮೂಸಿದರು. ತಟ್ಟಿದರು.

"ಇದು ಯಾವಾಗ ಹುಟ್ಟಿದ್ದು?"

ಅಂಗಡಿಯವನು ಟೈರಿನ ಪಕ್ಕೆಯ ಮೇಲಿದ್ದ ನಾಲ್ಕು ಅಂಕಿ ತೋರಿಸಿದ. "ಯಾವ ವಾರ, ಯಾವ ವರ್ಷ, ಎಲ್ಲಾ ಇಲ್ಲೇ ಬರ್ದೈತೆ ನೋಡ್ರಿ ಯಜಮಾನ್ರೆ."

"ಬರ್ದೋರು ಯಾರು? ಮಾಡ್ದೋರೇ ತಾನೆ?"

ಕೊನೆಗೆ ನಾನು ಆಸೆಪಟ್ಟ ರೇಸ್ ಟೈರು ಹೊರಬಂತು. ಮಾವ ಅದರ ಮೇಲೆ ಅಂಗೈ ಆಡಿಸಿದರು. "ಲೇ, ಇದು ಸವೆದ ಟೈರು! ಯಾರೋ ಓಡ್ಸಿ ವಾಪಸ್ ಕೊಟ್ಟಿದಾರೆ."

"ಅದು ಇರೋದೇ ಹಂಗೆ ಮಾವ."

"ಹಂಗಾರೆ ಒಂದು ಬಿಂದಿಗೆ ನೀರು ತರ್ಸ್ರಿ."

ನೀರು ಬಂತು. ಗೆರೆ ಇದ್ದ ಟೈರಿನ ಮೇಲೆ ಸುರಿದದ್ದು ಗೆರೆ ಹಿಡಿದು ಇಳಿಯಿತು. ರೇಸ್ ಟೈರಿನ ಮೇಲೆ ಸುರಿದದ್ದು ಎಲ್ಲೆಂದರಲ್ಲಿ ಹರಡಿ ನನ್ನ ಬೂಟಿನೊಳಗೆ ಹೋಯಿತು! "ನೀರಿಗೇ ದಾರಿ ಬಿಡದ ಟೈರು ನಿನಗೆ ದಾರಿ ಬಿಡ್ತೈತಾ?" ಎಂದರು ಮಾವ. ನಾನು ಬೂಟು ಬಿಚ್ಚಿ ನೀರು ಚೆಲ್ಲಿದೆ.

ಆಮೇಲೆ ಗೆರೆ ಇದ್ದ ಟೈರನ್ನೇ ತೋರಿಸಿ, ಹೆಗಲ ಟವೆಲ್ ತೆಗೆದು ಅಂಗಡಿಯವನ ಕೈಮೇಲೆ ಹೊದಿಸಿ, ಒಳಗೇ ಅವನ ಬೆರಳು ಹಿಡಿದರು. ದನದ ಸಂತೆಯಲ್ಲಿ ಬೆರಳ ಲೆಕ್ಕದಲ್ಲೇ ದರ ಕುದುರಿಸುವುದು ಹಾಗೇ, ಪಕ್ಕದವರಿಗೆ ಗೊತ್ತಾಗಬಾರದಲ್ಲ! ಟೈರ್ ಮಾರುವವನಿಗೆ ಅದೆಲ್ಲ ಏನು ಗೊತ್ತು?

"ಯಜಮಾನ್ರೆ, ಕೈ ಬಿಡ್ರಿ, ಕ್ಯಾಮೆರಾ ಐತೆ!" ಎಂದು ಕೂಗಿಕೊಂಡ.

ಆ ಗಾಬರಿಯಲ್ಲೇ ವ್ಯಾಪಾರ ಕುದುರಿ ಗೆರೆ ಇದ್ದ ನಾಲ್ಕು ಟೈರು ನನ್ನ ಕಾರಿಗೆ ಕೂತವು. ರೇಸಿನ ಆಸೆ ಅಲ್ಲೇ ಮುಗಿಯಿತು. ನಾನು ಮುಖ ಊದಿಸಿಕೊಂಡು ಕಾರು ಹತ್ತಿದೆ.

ದಾರಿಯಲ್ಲಿ ಮಳೆ ಹಿಡಿಯಿತು. ಸಿಟ್ಟು ತಡೆಯದೆ ಕೇಳಿಬಿಟ್ಟೆ. "ಅಲ್ಲ ಮಾವ, ಜನ್ಮದಾಗೆ ಯಾರನ್ನೂ ನಂಬೇ ಇಲ್ವಾ ನೀವು?"

ಮಾವ ಟವೆಲ್ಲಿನಿಂದ ಮುಂದಿನ ಗಾಜಿನ ಮಂಜು ಒರೆಸಿದರು.

"ಒಂದ್ಸಲ ನಂಬಿದ್ದೆ ಕಣಪ್ಪ. ನಿಮ್ಮತ್ತೆಗೆ ಹೆರಿಗೆ ನೋವು ಬಂದಾಗ. ಆಗ ನಾವಿದ್ದ ತಾಳ್ಯದಿಂದ ಬಾಡಿಗೆ ಜೀಪಿನಾಗೆ ಹೊಂಟ್ವಿ. ಇಂಥದ್ದೇ ಮಳೆ. ಟೈರ್ ಹೆಂಗೈತಪ್ಪ ಅಂದೆ. ಚೆನ್ನಾಗೈತೆ, ಹತ್ರಿ ಅಂದ. ಬಗ್ಗಿ ನೋಡ್ಲಿಲ್ಲ, ಹತ್ತಿದೆ. ಹಳ್ಳದ ಹತ್ರ ಸವೆದ ಟೈರು ಜಾರಿ ಜೀಪು ಕೆಳಗಿಳೀತು. ದುರ್ಗ ಮುಟ್ಟೋ ಹೊತ್ತಿಗೆ ಕೂಸು ಉಳೀಲಿಲ್ಲ."

ಅವರಿಗೆ ಮಕ್ಕಳಿಲ್ಲ ಎಂದಷ್ಟೇ ನನಗೆ ಗೊತ್ತಿತ್ತು. ಯಾಕೆಂದು ಕೇಳಿರಲೇ ಇಲ್ಲ. ಇಷ್ಟು ವರ್ಷ ಅವರ ಅನುಮಾನದ ಕತೆಗಳನ್ನು ಊರೆಲ್ಲ ಹೇಳಿಕೊಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು. ಕಾರು ಪಕ್ಕಕ್ಕೆ ಹಾಕಿದೆ.

"ಯಾಕಪ್ಪ ನಿಲ್ಸಿದೆ?" ಎಂದರು ಮಾವ. "ಟೈರ್ ನಾನೇ ನೋಡೀನಿ. ನಡಿ, ಹೋಗಾಣ. ಮನ್ಯಾಗೆ ಹುಡುಗಿ ಒಬ್ಳೇ ಇದಾಳೆ."