ಒಂದೇ ಹಾಳೆ, ಒಂದೇ ಬೇವಿನ ಮರ

ನಿಧಾನವಾಗಿ ನಡೆಯುವ ಯಾವ ಕೆಲಸವನ್ನೂ ಸುಮ್ಮನೆ ನೋಡಿಕೊಂಡಿರಲು ನನ್ನಿಂದ ಆಗುವುದಿಲ್ಲ. ಇದು ಗುಣವೋ ಕಾಯಿಲೆಯೋ ನನಗಿನ್ನೂ ತೀರ್ಮಾನವಾಗಿಲ್ಲ. ಹಾಲು ಕಾಯಲು ಇಟ್ಟರೆ ಮೂರು ಸಲ ಹೋಗಿ ಉರಿ ಹೆಚ್ಚಿಸಿ ಬರುತ್ತೇನೆ. ನಾಲ್ಕನೇ ಸಲ ಹೋಗುವಷ್ಟರಲ್ಲಿ ಹಾಲು ಒಲೆಯ ಮೇಲೆಲ್ಲ ಹರಿದಿರುತ್ತದೆ. ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗುವಾಗ, ಇಳಿಯುವವರು ಒಂದು ನಿಮಿಷ ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿರಬಾರದೇ ಎಂದು ಪ್ರತಿ ನಿಲ್ದಾಣದಲ್ಲೂ ಒಳಗೊಳಗೇ ಕುದಿಯುತ್ತೇನೆ. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು, ಪಲ್ಯದವನು ಆ ಕಡೆಯಿಂದ ಬಂದಿದ್ದರೆ ಸಾರಿನವನಿಗೆ ದಾರಿ ಸಲೀಸಾಗುತ್ತಿತ್ತು ಎಂದು ಪಕ್ಕದವರಿಗೆ ವಿವರಿಸುತ್ತಾ ಎಷ್ಟು ಸಲ ಪಾಯಸ ತಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಅಂದಿಲ್ಲ ಕಣ್ರಿ" ಎಂದು ನನ್ನ ಹೆಂಡತಿ ಅಡುಗೆಮನೆಗೆ ನನ್ನ ಪ್ರವೇಶವನ್ನೇ ನಿಷೇಧಿಸಿದ್ದಾಳೆ.

ಮನೆಯಲ್ಲಿ ನಡೆಯದ ಆಟವನ್ನು ಕಚೇರಿಯಲ್ಲಿ ಆಡುವುದು ನಮ್ಮಂಥವರ ಹಳೆಯ ಚಾಳಿ. ನಾನಿರುವುದು ಮನೆ ಕಟ್ಟಲು ಪರವಾನಗಿ ಕೊಡುವ ಶಾಖೆಯಲ್ಲಿ, ಕಡತ ಸಿದ್ಧಮಾಡುವ ಗುಮಾಸ್ತನಾಗಿ. ಊರು ಯಾವುದೆಂದು ಕೇಳಬೇಡಿ. ಕೊಳ್ಳೇಗಾಲದವರು ಇದು ಹನೂರಿನ ಕತೆ ಎಂದುಕೊಳ್ಳಲಿ, ಹನೂರಿನವರು ಯಳಂದೂರಿನದು ಎನ್ನಲಿ, ಯಳಂದೂರಿನವರು ಮತ್ತೆ ಕೊಳ್ಳೇಗಾಲದ ಕಡೆ ಕೈ ತೋರಿಸಲಿ. ನಾನು ಈ ಶಾಖೆಗೆ ಬಂದಾಗ ಒಂದು ಪರವಾನಗಿಗೆ ಐದು ಮೇಜು ಸುತ್ತಬೇಕಿತ್ತು. ಒಂದು ಮೇಜಿನವರು ಕೇಳಿದ್ದನ್ನು ತಂದರೆ ಇನ್ನೊಂದು ಮೇಜಿನವರು ಇದಲ್ಲ ಎನ್ನುತ್ತಿದ್ದರು. ದೆವ್ವ ಒಳಗೆ ಬರದಿರಲಿ ಎಂದು ಹಿಂದೆಲ್ಲ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ನಾವು ಬರೆಯುತ್ತಿರಲಿಲ್ಲ, ಬಾಯಲ್ಲೇ ಹೇಳುತ್ತಿದ್ದೆವು. ಬಂದವರು ದೆವ್ವಗಳಲ್ಲವಾದ್ದರಿಂದ ಪಾಪ, ನಾಳೆಯೂ ಬರುತ್ತಿದ್ದರು.

ಇದನ್ನು ನೋಡಿ ನೋಡಿ ನನ್ನ ಕೈ ತುರಿಸತೊಡಗಿತು. ಒಂದು ಭಾನುವಾರ ಮನೆಯಲ್ಲಿ ಕುಳಿತು ಐದೂ ಮೇಜಿನವರು ಕೇಳುವುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದೆ. ಹನ್ನೊಂದು ಅಂಶಗಳು, ಪ್ರತಿಯೊಂದರ ಮುಂದೆ ಒಂದೊಂದು ಚೌಕ. ಎಲ್ಲ ಚೌಕಕ್ಕೂ ಟಿಕ್ ಬಿದ್ದರೆ ವಾರದೊಳಗೆ ಪರವಾನಗಿ. ನಮ್ಮ ಸಾಹೇಬರು ಮೆಚ್ಚಿಕೊಂಡು ಅದಕ್ಕೆ 'ಒಂದೇ ಹಾಳೆ' ಎಂದು ಹೆಸರಿಟ್ಟು ಗೋಡೆಗೆ ಅಂಟಿಸಿದರು. ಈಗ ಅರ್ಜಿಯೆಲ್ಲ ಕಂಪ್ಯೂಟರಿಗೇ ಹೋಗುತ್ತದೆ, ನಿಜ. ಆದರೆ ಕಂಪ್ಯೂಟರಿಗೆ ಹೋಗುವ ಮುಂಚೆ ನನ್ನ ಹಾಳೆಯನ್ನು ದಾಟಿಯೇ ಹೋಗಬೇಕು.

ಹಾಳೆಯಲ್ಲಿ ನನಗೆ ತೀರಾ ಪ್ರೀತಿಯದು ಒಂಬತ್ತನೇ ಅಂಶ. ಅದನ್ನು ಯಾವ ಮೇಜಿನವರೂ ಕೇಳುತ್ತಿರಲಿಲ್ಲ, ನನ್ನ ಸ್ವಂತ ತಲೆಯದು. ಹಿಂದೊಮ್ಮೆ ಯಾರೋ ನಕ್ಷೆಯಲ್ಲಿ ಒಂದು ಕಡೆ ತೋರಿಸಿ ಇನ್ನೊಂದು ಕಡೆ ಗೋಡೆ ಎಬ್ಬಿಸಿ ದೊಡ್ಡ ತಕರಾರಾಗಿತ್ತು. ಅದಕ್ಕೇ ನಾನು, ಕಟ್ಟುವ ಜಾಗದಲ್ಲಿ ಪಾಯದ ಅಳತೆಗೆ ಸುಣ್ಣದ ಗೆರೆ ಹಾಕಿ, ಜಾಗದ ಮಾಲೀಕರು ಗೆರೆಯ ಪಕ್ಕ ನಿಂತು ಫೋಟೋ ತೆಗೆಸಿ ಲಗತ್ತಿಸಬೇಕು ಎಂದು ಬರೆದೆ. ಜನ ಚೂರೂ ಗೊಣಗಲಿಲ್ಲ. ಎರಡು ವರ್ಷದಿಂದ ಫೋಟೋಗಳು ಅಚ್ಚುಕಟ್ಟಾಗಿ ಬರುತ್ತಿವೆ. ಪ್ರತಿ ಫೋಟೋದಲ್ಲೂ ನೇರವಾದ ಬಿಳಿ ಗೆರೆ, ಪಕ್ಕದಲ್ಲಿ ಬಿಗಿಯಾಗಿ ನಿಂತ ಮಾಲೀಕರು, ಹಿಂದೆ ಒಂದು ಬೇವಿನ ಮರ. "ನಮ್ಮೂರಿನವರು ಮನೆ ಕಟ್ಟಿದರೂ ಮರ ಕಡಿಯುವುದಿಲ್ಲ ಸಾರ್, ಯಾವ ಸೈಟು ನೋಡಿದರೂ ಒಂದು ಬೇವಿನ ಮರ ಇದ್ದೇ ಇದೆ" ಎಂದು ನಾನು ಸಾಹೇಬರಿಗೆ ಹೆಮ್ಮೆಯಿಂದ ಹೇಳಿದ್ದೆ. ಅವರು ಪರಿಸರ ದಿನದ ಭಾಷಣದಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು.

ಹೀಗೆ ಸುಖವಾಗಿದ್ದಾಗ ನನ್ನ ತಾಯಿಯ ಮಂಡಿ ಸವೆದುಹೋಯಿತು. ಅವ್ವ ಮುಳ್ಳೂರಿನ ಬೇಸಾಯಗಾರರ ಮಗಳು. ನಾಟಿ, ಕಳೆ ಎಂದು ಗದ್ದೆಯಲ್ಲಿ ಬಗ್ಗಿ ಬಗ್ಗಿಯೇ ಬೆಳೆದವಳು. ಮಂಡಿಗೆ ಆಪರೇಷನ್ ಆಗಬೇಕು ಎಂದು ಮೈಸೂರಿನ ಡಾಕ್ಟರು ಹೇಳಿ ಬಹಳ ದಿನವಾಗಿತ್ತು. ಅವ್ವ ಒಂದು ಸಲ ಮೊಮ್ಮಗಳ ಬಾಣಂತನ ಎಂದು, ಇನ್ನೊಂದು ಸಲ ಕರು ಹಾಕುವ ಹಸು ಎಂದು ಎರಡು ಸಲ ಮುಂದೂಡಿದ್ದಳು. ಮೂರನೇ ಸಲ ಕಷ್ಟಪಟ್ಟು ಒಪ್ಪಿಸಿದೆವು. ಶ್ರಾವಣಕ್ಕೆ ದಿನ ಗೊತ್ತಾಯಿತು. ಡಾಕ್ಟರು ಒಂದೇ ಷರತ್ತು ಹಾಕಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂರುವಂತಿಲ್ಲ, ಮೆಟ್ಟಿಲು ಇಳಿಯುವಂತಿಲ್ಲ. ನಮ್ಮ ಕಕ್ಕಸು ಇರುವುದು ಹಿತ್ತಿಲ ಕೊನೆಯಲ್ಲಿ, ಮೂರು ಮೆಟ್ಟಿಲು ಇಳಿದು. ಅವ್ವನ ಕೋಣೆಗೆ ಅಂಟಿದಂತೆ, ಕುರ್ಚಿಯ ಹಾಗೆ ಕೂರುವ ಕಮೋಡು ಇಟ್ಟು ಒಂದು ಬಚ್ಚಲು ಕಟ್ಟಲೇಬೇಕು. ಕಟ್ಟಲು ತಿಂಗಳು ಬೇಕು. ಆಷಾಢ ಹುಟ್ಟಲು ಉಳಿದಿದ್ದದ್ದು ಹನ್ನೆರಡೇ ದಿನ. ಆಷಾಢಕ್ಕೆ ಮುಂಚೆ ಗುದ್ದಲಿ ಪೂಜೆ ಆಗಿಬಿಟ್ಟರೆ ಕೆಲಸ ನಡೆಸಬಹುದು. ಆಗದಿದ್ದರೆ ಶ್ರಾವಣದವರೆಗೆ ಮಣ್ಣು ಮುಟ್ಟುವಂತಿಲ್ಲ. ಬಚ್ಚಲಾಗದಿದ್ದರೆ ಆಪರೇಷನ್ ಮತ್ತೆ ಮುಂದಕ್ಕೆ. ಈ ಸಲ ಮುಂದಕ್ಕೆ ಹೋದರೆ ಅವ್ವ ನಾಲ್ಕನೇ ಸಲ ಒಪ್ಪುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಪೂಜೆ ಮಾಡಿಸುವ ಅಯ್ಯನವರು ಮುಂದಿನ ವಾರ ಬಿಟ್ಟು ಅದರಾಚೆ ಸೋಮವಾರ ಪೂಜೆಗೆ ದಿನ ಕೊಟ್ಟರು.

ನನಗೇನು ಭಯ? ಹಾಳೆ ನನ್ನದೇ. ಒಂದೇ ಸಂಜೆ ಹತ್ತು ಚೌಕಕ್ಕೆ ಕಾಗದ ಜೋಡಿಸಿದೆ. ಮಾರನೇ ಬೆಳಿಗ್ಗೆ ಒಂಬತ್ತನೇ ಅಂಶಕ್ಕೆಂದು ಒಂದು ಬಾಂಡಲಿ ಸುಣ್ಣದ ಪುಡಿ ತಂದು ಹಿತ್ತಿಲಿಗೆ ಕಾಲಿಟ್ಟೆ. ಅವ್ವ ಗೋಡೆ ಹಿಡಿದುಕೊಂಡು ಬಂದಳು.

"ಏನ್ಲಾ ಮಗ ಅದು?"

"ಗೆರೆ ಹಾಕ್ತೀನವ್ವ, ಫೋಟೋಗೆ."

"ಪೂಜ ಆಗದೆ ಗೆರ ಎಳದ್ಯಾ? ಗೆರ ಬಿತ್ತು ಅಂದ್ರ ಮನ ಸುರುವಾದಂಗೆ ಕಣ್ಲಾ. ಪೂಜ ಇಲ್ದೆ ಸುರು ಮಾಡಿದ್ ಮನೇಲಿ ನಾ ಕಾಲಿಡಕಿಲ್ಲ. ಆಪ್ರೇಷನ್ನೂ ಬ್ಯಾಡ, ಏನೂ ಬ್ಯಾಡ."

ನಮ್ಮ ಕಡೆ ಪದ್ಧತಿಯೇ ಹಾಗೆ. ಪೂಜೆ ಮಾಡಿ ಗುದ್ದಲಿ ಮುಟ್ಟಿಸಿದ ಮೇಲೆಯೇ ಗೆರೆ. ಪೂಜೆ ಮಾಡಿದರೆ ಕೆಲಸ ಶುರುವಾಯಿತೆಂದು ಅರ್ಥ. ಪರವಾನಗಿ ಇಲ್ಲದೆ ಕೆಲಸ ಶುರುಮಾಡುವುದು ತಪ್ಪು. ಪರವಾನಗಿಗೆ ಫೋಟೋ ಬೇಕು. ಫೋಟೋಗೆ ಗೆರೆ ಬೇಕು. ಗೆರೆಗೆ ಪೂಜೆ ಬೇಕು. ಹಿತ್ತಿಲಲ್ಲಿ ಬಾಂಡಲಿ ಹಿಡಿದುಕೊಂಡು ನಾನು ಈ ಸುತ್ತನ್ನು ಮೂರು ಸಲ ಸುತ್ತಿದೆ. ಎಲ್ಲೂ ಹೊರಗೆ ಹೋಗುವ ದಾರಿ ಕಾಣಲಿಲ್ಲ. ಹಾಗಾದರೆ ಊರಿನವರೆಲ್ಲ ಎರಡು ವರ್ಷದಿಂದ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಆಗ ಮೊದಲ ಸಲ ಹೊಳೆಯಿತು. ಅವರ ಮನೆಯಲ್ಲೂ ಒಬ್ಬೊಬ್ಬ ಅವ್ವ ಇರಲೇಬೇಕಲ್ಲ. "ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಬೇರೆಯವರಿಗಾದ್ರೆ ಪೂಜೆ ಆಮೇಲೆ ಮಾಡ್ಕೊಳ್ಳಿ ಅಂತ ಹೇಳಿ ಕಳಿಸ್ತಿರ್ಲಿಲ್ವಾ? ನಿಮ್ಮ ಅವ್ವನಿಗೂ ಹೇಳಿ" ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ ಅಂದಳು.

ಆ ನಾಲ್ಕು ದಿನ ನಾನು ಕೂತಲ್ಲಿ ಕೂರಲಿಲ್ಲ. ಕಚೇರಿಯಲ್ಲಿ ಕುರ್ಚಿ ಬಿಟ್ಟು ವರಾಂಡಕ್ಕೆ, ವರಾಂಡ ಬಿಟ್ಟು ಕ್ಯಾಲೆಂಡರಿನ ಮುಂದಕ್ಕೆ, ಅಲ್ಲಿಂದ ಟೀ ಅಂಗಡಿಗೆ. ರಾತ್ರಿ ನಿದ್ದೆಯಲ್ಲೂ ದಿನ ಎಣಿಸುತ್ತಿದ್ದೆನಂತೆ. ಐದನೇ ದಿನ ನಮ್ಮ ಬಚ್ಚಲು ಕಟ್ಟಲು ಒಪ್ಪಿಕೊಂಡಿದ್ದ ಮುರುಗೇಶ ಮೇಸ್ತ್ರಿ ಟೀ ಅಂಗಡಿಯಲ್ಲಿ ಸಿಕ್ಕಿದ. ಅವನು ಹನೂರಿನ ಆಚೆಯವನು, ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ. ನನ್ನ ಕಷ್ಟ ಕೇಳಿ ಅವನು ನಗಲಿಲ್ಲ. ಟೀ ಮುಗಿಸಿ ಲೋಟ ಕೆಳಗಿಟ್ಟ.

"ಸಾ, ಕ್ವಾಪ ಮಾಡ್ಕಳಲ್ಲ ಅಂದ್ರೆ ಒಂದ್ ಮಾತು. ನಮ್ದೊಂದ್ ಸೈಟೈತೆ. ಗೆರೆ ಆಕೇ ಐತೆ. ಅವ್ವಾರ್ನ ಕರ್ಕಂಬನ್ನಿ, ಒಂದ್ ಪೋಟ ತಗಂಡ್ಬುಡವ."

ಅವನ ಗಾಡಿ ಹತ್ತಿಕೊಂಡು ಊರಾಚೆ ಹೋದೆ. ಖಾಲಿ ಸೈಟು. ನೆಲದ ಮೇಲೆ ಒಂದರೊಳಗೊಂದು ಸುಣ್ಣದ ಗೆರೆಗಳು. ಮೂಲೆಯಲ್ಲಿ ಬೋರಲು ಹಾಕಿದ ಒಂದು ನೀಲಿ ಡ್ರಮ್ಮು. ಅದರ ಹಿಂದೆ ಬೇವಿನ ಮರ. ಬಲಗಡೆಯ ಕೊಂಬೆ ಅರ್ಧಕ್ಕೆ ಮುರಿದು ಜೋತಾಡುತ್ತಿತ್ತು. ಆ ಕೊಂಬೆಯನ್ನು ನಾನು ಎಲ್ಲಿಯೋ ನೋಡಿದ್ದೇನಲ್ಲ ಎನ್ನಿಸಿತು. ಎಲ್ಲಿ ಎಂದು ನೆನಪಾದಾಗ ಮುರುಗೇಶನ ಗಾಡಿಯ ಸೀಟು ಹಿಡಿದುಕೊಂಡು ನಿಂತೆ. ಎರಡು ವರ್ಷದಿಂದ ನನ್ನ ಬೀರುವಿನಲ್ಲಿ ಕಟ್ಟುಕಟ್ಟಾಗಿ ಕುಳಿತಿದ್ದದ್ದು ಆ ಒಂದೇ ಮರ. ನಮ್ಮೂರಿನ ಹೊಸ ಮನೆಗಳೆಲ್ಲ, ನನ್ನ ಕಡತಗಳ ಪ್ರಕಾರ, ಆ ಮೂವತ್ತು ನಲವತ್ತರ ಸೈಟಿನಲ್ಲೇ ಒಂದರ ಮೇಲೊಂದು ನಿಂತಿದ್ದವು.

"ಈ ಸೈಟ್ಗೆ ಒಂದ್ ಕಿತ ಪೂಜೆ ಮಾಡಿವ್ನಿ ಸಾ. ಅದೇ ಊರ್ಗೆಲ್ಲ ಆಯ್ತದೆ" ಎಂದ ಮುರುಗೇಶ. "ಅಗೋ ಅದು ಇಪ್ಪತ್ತು ಮೂವತ್ತು, ಇದು ಮೂವತ್ತು ನಲವತ್ತು. ಬಚ್ಚಲ್ಗೆ ಬ್ಯಾರೆ ಗೆರೆ ಐತೆ ನೋಡಿ. ಮಳೆ ಬಂದ್ರೆ ಮತ್ತೆ ಆಕ್ತೀನಿ."

ರೇಗಬೇಕಿತ್ತು. ಕಡತಗಳನ್ನೆಲ್ಲ ತೆಗೆಸಿ ನೋಟೀಸು ಕಳಿಸುತ್ತೇನೆ ಎಂದು ಗುಡುಗಬೇಕಿತ್ತು. ಬಾಯಿ ತೆರೆದೆ, ಬಂದ ಮಾತು ಮಾತ್ರ ಬೇರೆ. "ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬರಲಿ ಮುರುಗೇಶ?" ಎಂದು ಕೇಳಿದೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು, ಆದರೆ ಆಷಾಢಕ್ಕೆ ಉಳಿದದ್ದು ಒಂದು ವಾರ.

ಮನೆ ಅವ್ವನ ಹೆಸರಿನಲ್ಲಿರುವುದರಿಂದ ಫೋಟೋಗೆ ನಿಲ್ಲಬೇಕಾದವಳು ಅವ್ವ. ಮಾರನೇ ದಿನ ಆಟೋದಲ್ಲಿ ಕರೆದುಕೊಂಡು ಹೋದೆ. ಇಳಿಸಿ, ತೋಳು ಹಿಡಿದು, ಬಚ್ಚಲ ಅಳತೆಯ ಗೆರೆಯ ಪಕ್ಕ ನಿಲ್ಲಿಸಿದೆ. ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಳು. ಮುರುಗೇಶ ಫೋನ್ ಹಿಡಿದು, "ಅವ್ವಾ, ವಸಿ ಈ ಕಡೆ ಸರ್ಕಳಿ, ಡ್ರಮ್ಮು ಕಾಣ್ಬಾರ್ದು. ಆಪೀಸ್ನೋರು ಪೋಟಾನೆಲ್ಲ ಬಾಳ ಸೂಕ್ಷ್ಮವಾಗಿ ನೋಡ್ತರೆ" ಎಂದ. ಹೇಳಿದ ಮೇಲೆ ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡ.

ಅವ್ವ ಸುತ್ತ ನೋಡಿದಳು. "ಯಾರ್ದಪ್ಪ ಈ ಜಾಗ?"

"ಮುರುಗೇಶಂದು ಅವ್ವ. ಬರೀ ಫೋಟೋಗೆ."

"ನಮ್ದಲ್ದಿದ್ ನೆಲದ ಮ್ಯಾಲ ನಿಂತ್ಕಂಡು ನಮ್ದು ಅನ್ನದಾ? ನಮ್ಮಪ್ಪ ಬದಿನಿಂದ ಒಂದು ಗೇಣು ಆಚ್ಗೆ ಉತ್ತೋನಲ್ಲ ಕಣ್ಲಾ." ಅವ್ವ ಗೆರೆಯಿಂದ ಈಚೆಗೆ ಬಂದು, ಕಾಣಬಾರದೆಂದ ಆ ಡ್ರಮ್ಮಿನ ಮೇಲೆಯೇ ಕುಳಿತಳು. ಉಸಿರು ತೆಗೆದುಕೊಂಡು ಕೇಳಿದಳು: "ಅಲ್ಲ, ಇಂಥಾ ರೂಲ್ಸ ಬರ್ದ ಮುಟ್ಠಾಳ ಯಾರ್ಲಾ?"

ಮುರುಗೇಶ ಬೇವಿನ ಮರದ ಕೊಂಬೆಯನ್ನು ಪರೀಕ್ಷಿಸತೊಡಗಿದ. ನಾನು, "ಯಾರೋ ಕಚೇರಿಯವರು ಅವ್ವ" ಎಂದೆ.

ಅವ್ವನನ್ನು ಮನೆಗೆ ಬಿಟ್ಟು ನೇರವಾಗಿ ಕಚೇರಿಗೆ ಹೋದೆ. ಜಾಗಕ್ಕೆ ಹೋಗಿ ಅಳತೆ ನೋಡಿ ಬರುವ ಓವರ್‌ಸಿಯರ್ ಎದುರಿಗೇ ಸಿಕ್ಕರು. ಅವರು ಎಲ್ಲ ಸೈಟಿಗೂ ಖುದ್ದು ಹೋಗುವವರು. ಫೋಟೋದಲ್ಲಿರುವ ಮರ ಜಾಗದಲ್ಲಿ ಇಲ್ಲವೆಂದು ಅವರಿಗೆ ತಿಳಿಯದೇ ಇದ್ದೀತೇ? ಕೇಳಿದೆ. "ಮೊದಲನೇ ತಿಂಗಳಲ್ಲೇ ಗೊತ್ತಾಯ್ತು. ಅಳತೆ ಹೇಗೂ ನಾನೇ ಟೇಪು ಹಿಡಿದು ನೋಡ್ತೀನಲ್ಲ. ನೀವು ಅಷ್ಟು ಆಸೆಪಟ್ಟು ಮಾಡಿದ್ರಿ, ಯಾಕೆ ಮನಸ್ಸು ನೋಯಿಸೋದು ಅಂತ ಸುಮ್ನಿದ್ದೆ" ಎಂದರು. ಅಂದರೆ ಎರಡು ವರ್ಷದಿಂದ ನನ್ನ ಒಂಬತ್ತನೇ ಅಂಶ ಸರ್ಕಾರದ ಉಪಯೋಗಕ್ಕಲ್ಲ, ನನ್ನ ಮನಸ್ಸು ನೋಯದಿರಲೆಂದು ನಡೆಯುತ್ತಿತ್ತು.

ಟಿಪ್ಪಣಿ ಬರೆದೆ. ಒಂಬತ್ತನೇ ಅಂಶದಿಂದ ಸಾರ್ವಜನಿಕರಿಗೆ ತೊಂದರೆಯಾಗುತ್ತಿದೆ, ಸ್ಥಳ ಪರಿಶೀಲನೆ ಹೇಗೂ ನಡೆಯುವುದರಿಂದ ಅದರ ಅಗತ್ಯವಿಲ್ಲ, ಕೈಬಿಡಬಹುದು. ಸಾಹೇಬರು ಓದಿ, "ಇದೇ ಈ ಹಾಳೆಯ ಜೀವ ಅಂತಿದ್ರಲ್ಲ?" ಎಂದರು. ನಾನು ಸಾರ್ವಜನಿಕರ ಕಷ್ಟದ ಬಗ್ಗೆ ಒಂದು ಚಿಕ್ಕ ಭಾಷಣ ಮಾಡಿದೆ. ಅವರು ಸಹಿ ಹಾಕಿದರು. "ಸರಿ. ಹೊಸ ಹಾಳೆಯಲ್ಲಿ ಮೊದಲನೇ ಕಡತ ಯಾರದು?" ಎಂದು ಕೈ ಚಾಚಿದರು. ಕೊಟ್ಟೆ. ಅವ್ವನ ಹೆಸರು ಓದಿದರು, ವಿಳಾಸ ಓದಿದರು, ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ಕಡತವನ್ನು ಓವರ್‌ಸಿಯರ್ ಮೇಜಿಗೆ ಕಳಿಸಿದರು. ಎರಡು ಮಾತು ಬೈದಿದ್ದರೇ ಚೆನ್ನಾಗಿತ್ತು.

ವಾರದೊಳಗೆ ಪರವಾನಗಿ ಬಂತು, ಸೋಮವಾರ ಪೂಜೆಯಾಯಿತು. ಅವ್ವನೇ ಗುದ್ದಲಿಗೆ ವಿಭೂತಿ ಹಚ್ಚಿದಳು, ಆಮೇಲೆ ಮುರುಗೇಶ ನಮ್ಮ ಹಿತ್ತಿಲಲ್ಲಿ ನಮ್ಮದೇ ಗೆರೆ ಎಳೆದ. ಬಚ್ಚಲು ಮುಗಿಯಿತು, ಆಪರೇಷನ್ ಆಯಿತು, ಅವ್ವ ಈಗ ವಾಕರ್ ಹಿಡಿದುಕೊಂಡು ಯಾರ ಸಹಾಯವೂ ಇಲ್ಲದೆ ಹೋಗಿ ಬರುತ್ತಾಳೆ. ನಲ್ಲಿ ಎಡಗಡೆಗಿರಬೇಕಿತ್ತು ಎನ್ನುವ ಒಂದು ಸುಧಾರಣೆ ನನಗೆ ಹೊಳೆದಿದೆ, ಯಾರಿಗೂ ಹೇಳಿಲ್ಲ.

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಈ ಸಲ ಮರವನ್ನಲ್ಲ, ನಿಂತವರನ್ನು. ಒಂದರಲ್ಲಿ ಅವ್ವನ ವಯಸ್ಸಿನ ಒಬ್ಬ ಹೆಂಗಸು ಕೋಲೂರಿಕೊಂಡು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು. ಫೋಟೋದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಕೋಲು ಮತ್ತು ಸೀರೆಯಿಂದ ಗೆರೆ ಮರೆಯಾಗಿದೆ, ಬೇರೆ ಫೋಟೋ ತರುವುದು ಎಂದು ಬರೆದಿತ್ತು. ಅಕ್ಷರ ನನ್ನದು. ಅದರ ಹಿಂದೆಯೇ ಎರಡನೇ ಫೋಟೋ ಇತ್ತು. ಅವರು ಮತ್ತೊಂದು ದಿನ ಅಲ್ಲಿಗೆ ಹೋಗಿ, ಕೋಲನ್ನು ಮರಕ್ಕೆ ಒರಗಿಸಿ, ಸೀರೆಯ ನೆರಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಕೋಲಿಲ್ಲದೆ ನಿಂತಿದ್ದರು. ಗೆರೆ ಚೆನ್ನಾಗಿ ಕಾಣುತ್ತಿತ್ತು. ನಾನು ಟಿಕ್ ಹಾಕಿದ್ದೆ.