ಎಡಮಗ್ಗುಲಿಗೆ ಒಂದು ಏಟು

೧. ಗಂಜಿ

ಟಿವಿ ಭದ್ರಾವತಿಯಿಂದ ಲಗೇಜ್ ಆಟೋದಲ್ಲಿ ಬಂತು. ಹಾಸಿಗೆಯ ಮೇಲೆ ಮಲಗಿಸಿದ್ದರು. ಮೇಲೆ ಕಂಬಳಿ. ಪಕ್ಕದಲ್ಲಿ ನನ್ನ ಗೆಳೆಯ, ಕಂಬಳಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಈಗ ನಿವೃತ್ತ. ನನ್ನ ಹಾಗೆ ಅವನಿಗೂ ಹಳೆಯ ಟಿವಿಗಳ ಹುಚ್ಚು.

ವಿನೋಬನಗರದ ನಮ್ಮ ಬೀದಿಯಲ್ಲಿ ಆಟೋ ನಿಂತಿತು. ಎದುರುಮನೆಯಾಕೆ ಗೇಟಿಗೆ ಬಂದರು. ಹಾಸಿಗೆ ನೋಡಿದರು, ಕಂಬಳಿ ನೋಡಿದರು, ಗೆಳೆಯನ ಮುಖ ನೋಡಿದರು. ದನಿ ತಗ್ಗಿಸಿ ಕೇಳಿದರು.

“ತುಂಬಾ ವಯಸ್ಸಾಗಿದ್ಯಾ?”

“ಆಗಿದೆ ಅಕ್ಕಾ,” ಅಂದ ಗೆಳೆಯ. “ಒಳಗೆಲ್ಲಾ ಗಟ್ಟಿ. ಏಳೋದು ಸ್ವಲ್ಪ ನಿಧಾನ, ಅಷ್ಟೆ.”

“ಮಾತಾಡ್ತಾರಾ?”

“ಮಾತು ಬೇಗ ಬರುತ್ತೆ. ಮುಖ ಕಾಣೋಕೆ ಕಾಯಬೇಕು.”

ಆಕೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಸಂಜೆ ಒಂದು ಪಾತ್ರೆ ಗಂಜಿ ತಂದುಕೊಟ್ಟು, ಬಿಸಿ ಇರುವಾಗಲೇ ಕುಡಿಸಿ ಅಂದರು.

ಗೆಳೆಯ ಕುಡಿದ. ಉಪ್ಪು ಕಮ್ಮಿ ಅಂದ.

೨. ಷರತ್ತು

ನಾಲ್ಕು ಕಾಲಿನ ಮರದ ಪೆಟ್ಟಿಗೆ. ಮುಂದೆ ಎರಡು ಕಡೆಗೂ ಸರಿಯುವ ಬಾಗಿಲು. ಕಪ್ಪು ಬಿಳುಪು. ಗುಂಡಿ ತಿರುಗಿಸಿದರೆ ಮೊದಲು ದನಿ. ಆಮೇಲೆ ಬೂದು ಬೆಳಕು. ಆ ಬೆಳಕಿನೊಳಗಿಂದ ಮುಖಗಳು ನಿಧಾನವಾಗಿ ಬರುತ್ತವೆ, ನಸುಕಿನಲ್ಲಿ ಹೊಳೆಯ ಕಡೆಯಿಂದ ಯಾರೋ ನಡೆದು ಬಂದ ಹಾಗೆ. ಆರಿಸಿದರೆ ನಡುವೆ ಒಂದು ಬಿಳಿ ಚುಕ್ಕೆ ಉಳಿಯುತ್ತದೆ. ಅದು ಚಿಕ್ಕದಾಗುತ್ತ, ದೂರ ಹೋಗುತ್ತ, ಇಲ್ಲವಾಗುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಕ್ಕೇ ನಾವು ಕೆಲವು ಸಲ ಹಾಕಿ ಆರಿಸುತ್ತೇವೆ.

ಭದ್ರಾವತಿಯ ಕ್ವಾರ್ಟರ್ಸ್‌ನಲ್ಲಿ ಒಂದು ಕಾಲಕ್ಕೆ ಇಡೀ ಲೈನಿನ ಜನ ಇದರ ಮುಂದೆ ಕೂರುತ್ತಿದ್ದರಂತೆ. ಈಗ ಗೆಳೆಯನ ಸೊಸೆ ಜಾಗ ಇಲ್ಲ ಅಂದಿದ್ದಾಳೆ. ಜಾಗ ನಮ್ಮ ಹಾಲ್‌ನಲ್ಲೂ ಇರಲಿಲ್ಲ. ಆಗಲೇ ಗೋಡೆಯುದ್ದಕ್ಕೂ ಹಳೆಯ ಟಿವಿಗಳಿದ್ದವು. ಸೋಫಾ ವರಾಂಡಕ್ಕೆ ಹೋಗಿ ಬಹಳ ಕಾಲವಾಗಿತ್ತು.

ನನ್ನ ಹೆಂಡತಿ ಕಂಬಳಿ ಎತ್ತಿ ನೋಡಿದಳು.

“ಇದಾದ್ರೂ ಓಡುತ್ತಾ?”

“ಓಡುತ್ತೆ ಅತ್ತಿಗೆ,” ಅಂದ ಗೆಳೆಯ. “ಎಡಮಗ್ಗುಲಿಗೆ ಒಂದು ಏಟು ಕೊಟ್ರೆ ಆಯ್ತು.”

“ಏಟು ಕೊಟ್ರೆ ನಿಮ್ಮಣ್ಣನೂ ಓಡ್ತಾರೆ.”

ಆಮೇಲೆ ನನ್ನ ಕಡೆ ತಿರುಗಿದಳು. “ನೋಡ್ರೀ, ದೀಪಾವಳಿಗೆ ಮಗಳು ಅಳಿಯ ಬರ್ತಾರೆ. ಅವರನ್ನ ಟಿವಿ ಮೇಲೆ ಮಲಗಿಸೋಕಾಗಲ್ಲ. ಇಷ್ಟು ಟಿವಿಗಳಲ್ಲಿ ಯಾವುದಾದ್ರೂ ಒಂದು, ಸಂಜೆ ಆರರಿಂದ ಒಂಬತ್ತರವರೆಗೆ ನಿಲ್ಲದೆ ಓಡಲಿ. ಓಡಿದ್ದು ಇರಲಿ, ಉಳಿದಿದ್ದು ಹೋಗಲಿ. ಒಂದೂ ಓಡದಿದ್ರೆ ಎಲ್ಲಾ ಗುಜರಿಗೆ.”

“ಮಧ್ಯೆ ಒಂದು ಏಟು ಕೊಡಬಹುದಾ?” ಅಂದೆ.

“ಟಿವಿಗೆ ಕೊಡಂಗಿಲ್ಲ,” ಅಂದಳು.

೩. ಕೆಡದ ಟಿವಿ

ನಮ್ಮ ಗುಂಪಿನಲ್ಲಿ ಮೂರನೆಯವರು ಹಲ್ಲಿನ ಡಾಕ್ಟರು. ಕ್ಲಿನಿಕ್ ಪಕ್ಕದ ಬೀದಿಯಲ್ಲಿ. ಜನ ಕಾಯುವ ಕೋಣೆಯಲ್ಲಿ ಅವರ ಹಳೆಯ ಕಲರ್ ಟಿವಿ ಇದೆ. ತಲೆಯ ಮೇಲೆ ಕಸೂತಿ ಬಟ್ಟೆ.

ಷರತ್ತಿನ ಸುದ್ದಿ ಹೇಳಿದೆವು. ಡಾಕ್ಟರು ನಕ್ಕರು.

“ನಿಮ್ಮ ಮರದ ಪೆಟ್ಟಿಗೆ ಬಿಡಿ ಸಾರ್. ಇದನ್ನ ತಗೊಂಡು ಹೋಗಿ. ನಮ್ಮ ತಂದೆ ತಂದಿದ್ದು. ಇವತ್ತಿನವರೆಗೆ ಒಂದು ಸಲಾನೂ ರಿಪೇರಿಗೆ ಹೋಗಿಲ್ಲ.”

ಗೆಳೆಯನ ಮುಖ ಸಣ್ಣದಾಯಿತು. ಟಿವಿಯನ್ನು ಸುತ್ತಿ ನೋಡಿದ. ಒಂದು ಗೀರೂ ಇರಲಿಲ್ಲ. ಗಾಜಿನಲ್ಲಿ ಹೊರಗಿನ ಬೀದಿ ಕಾಣುತ್ತಿತ್ತು. ಸೈಕಲ್, ಹಸು, ಸ್ಕೂಲಿನ ಮಕ್ಕಳು, ಎಲ್ಲ ಎಡಬಲ ಬದಲಾಗಿ, ಸದ್ದಿಲ್ಲದೆ, ನೀರಿನಡಿ ಹೋಗುವ ಹಾಗೆ ಹೋಗುತ್ತಿದ್ದವು. ಕೆನ್ನೆ ಊದಿದ ಒಬ್ಬರು ಅದನ್ನೇ ನೋಡುತ್ತ ಕೂತಿದ್ದರು. ಚೆನ್ನಾಗಿತ್ತು. ನಾವೂ ಸ್ವಲ್ಪ ಹೊತ್ತು ನೋಡಿದೆವು.

ನನಗೆ ಅನುಮಾನ ಬಂತು.

“ಹಾಕಿದ್ದು ಯಾವಾಗ ಮಾರಾಯ್ರೆ?”

“ಹಾಕೋದಾ?” ಡಾಕ್ಟರು ಗಾಬರಿಯಾದರು. “ಹಾಕಿದ್ರೆ ಕೆಡುತ್ತಲ್ಲ ಸಾರ್!”

೪. ಬಿಳಿ

ನಮ್ಮ ಹಾಲ್‌ನ ಟಿವಿಗಳು ಒಂದೊಂದಾಗಿ ಸೋತವು. ಒಂದು ಹೊಗೆ ಬಿಟ್ಟಿತು. ಒಂದರಲ್ಲಿ ಮನುಷ್ಯರೆಲ್ಲ ಕುಳ್ಳಗಾದರು. ಇನ್ನೊಂದು ಎಂಟೂ ಮುಕ್ಕಾಲರವರೆಗೆ ಓಡಿ, ಹೆಂಡತಿ “ಪರವಾಗಿಲ್ವೇ” ಅಂದ ಕೂಡಲೇ ನಿಂತಿತು.

ಭದ್ರಾವತಿಯದ್ದೇ ಗತಿ. ಒಂದು ಭಾನುವಾರ ಹಾಕಿದೆವು. ಹಳೆಯ ಟಿವಿಗೆ ಈಗಿನ ಪ್ರಸಾರ ಸಿಗುವುದಿಲ್ಲ. ಅದಕ್ಕೆ ಅರ್ಥವಾಗುವ ಹಾಗೆ ಮಾಡಿ ಕೊಡುವ ಒಂದು ಸಣ್ಣ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೇವೆ. ಅದರಿಂದ ವೈರು ಇಳಿಬಿಟ್ಟೆವು. ಚಿತ್ರ ಬಂತು. ಕಾಡು, ತೊರೆ, ಒಂದು ಜೀಪು. ಮಾತಾಡದೆ ಕೂತೆವು. ಮಂಡಕ್ಕಿಯನ್ನೂ ಸದ್ದಾಗದ ಹಾಗೆ ತಿಂದೆವು.

ಏಳರ ಹೊತ್ತಿಗೆ ಪರದೆ ಬೆಳ್ಳಗಾಯಿತು. ಜೀಪು ಹೋಯಿತು, ಕಾಡು ಹೋಯಿತು. ಬರೀ ಬಿಳಿ.

“ಟ್ಯೂಬ್ ಹೋಯ್ತು,” ಅಂದರು ಡಾಕ್ಟರು.

“ಬಿಡ್ತು ಅನ್ನಿ,” ಅಂದ ಗೆಳೆಯ. ಕಾದ. ತಡೆಯಲಾಗಲಿಲ್ಲ. ಎದ್ದು ಎಡಮಗ್ಗುಲಿಗೆ ಒಂದು ಕೊಟ್ಟ. ಬಿಳಿಯೇ. ಇನ್ನೊಂದು ಕೊಟ್ಟ. ಇನ್ನೂ ಬಿಳಿಯಾಯಿತು. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಹಿಡಿದು ಮೂವರೂ ಒಳಗೆ ಇಣುಕಿದೆವು. ಎಲ್ಲ ಸರಿಯಿತ್ತು. ಮುಚ್ಚಿ ಮತ್ತೆ ಹಾಕಿದೆವು. ದನಿ ಬಂತು. ಆಮೇಲೆ ಬಿಳಿ ಬಂತು.

ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಒಂದು ಗಳಿಗೆ ನಿಂತು ಕೇಳಿಸಿಕೊಂಡಳು.

“ಕೊಡಚಾದ್ರಿ ತೋರಿಸ್ತಿದ್ದಾರಾ? ಎಷ್ಟು ಮಂಜು ನೋಡಿ!”

ದನಿ ಅದನ್ನೇ ಹೇಳುತ್ತಿತ್ತು. ನಾವು ಟಿವಿ ನೋಡುತ್ತಿದ್ದೆವು. ಅದರಲ್ಲಿ ಬರುವುದನ್ನು ಕೇಳುವ ಅಭ್ಯಾಸ ನಮಗಿಲ್ಲ.

ಕೆಡದಿದ್ದ ಭದ್ರಾವತಿಯ ಟಿವಿಗೆ ಷರತ್ತು ಮುರಿದು ಎರಡು ಏಟು ಬಿದ್ದಿತ್ತು. ಸೋತಿತು.

೫. ಭಾವ

ಇನ್ನೊಂದು ಅವಕಾಶ ಕೊಡು ಎಂದು ಹೆಂಡತಿಯನ್ನು ಕೇಳಿದೆ. ಕೊಟ್ಟಳು. ಅಷ್ಟರಲ್ಲಿ ಚಿತ್ರ ನಡುಗತೊಡಗಿತು. ವೈರಿನ ದೋಷ ಅಂದರು ಡಾಕ್ಟರು. ಗೆಳೆಯ ವೈರು ಕಿತ್ತು ಟಿವಿಗೆ ಕೋಲು ಆಂಟೆನಾ ಹಾಕಿದ. ಚಿತ್ರ ಗಾಳಿಯಲ್ಲೇ ಇಳಿದು ಬರಲಿ ಎಂದು ಅಟ್ಟದ ಡಬ್ಬಿಗೂ ಒಂದು ಹಾಕಿದ. ನಡುಕ ಹೆಚ್ಚಾಯಿತು.

ಆಗ ಹೆಂಡತಿಯ ಅಣ್ಣ ಬಂದರು. ತ್ಯಾವರೆಕೊಪ್ಪದ ಸಫಾರಿಗೆ ಹೋಗಿ ಸಿಂಹ ನೋಡುವುದು ಅವರ ಬಹುಕಾಲದ ಆಸೆ. ಚೀಲ ಇಡಲು ಟಿವಿಯ ಹಿಂದೆ ಹೋದರು. ಚಿತ್ರ ನಿಂತಿತು. ಕನ್ನಡಿಯ ಹಾಗೆ.

“ಭಾವ, ಅಲ್ಲೇ ಇರಿ!”

“ಯಾಕಪ್ಪ, ಹಾವಾ?”

“ಆಂಟೆನಾ ಹಿಡ್ಕೊಳ್ಳಿ.”

ಹಿಡಿದರು. ಚಿತ್ರ ಇನ್ನೂ ಚೆನ್ನಾಯಿತು. ಬಿಟ್ಟರು, ನಡುಗಿತು. ಅವರ ಮೈಗುಣ. ಕುರ್ಚಿ ಹಾಕಿ ಕೂರಿಸಿದೆವು. ಕಾಫಿ ಅಲ್ಲಿಗೇ, ಊಟ ಅಲ್ಲಿಗೇ. ನಾಳೆ ತ್ಯಾವರೆಕೊಪ್ಪ, ನಾಳೆ ಖಂಡಿತ, ಎಂದು ದಿನಗಳು ಹೋದವು. ಭಾವ ಸಾಧು. ಟಿವಿಯ ಬೆನ್ನಿನ ಶಾಖ ಚೆನ್ನಾಗಿದೆ ಅನ್ನುತ್ತಿದ್ದರು. ಕೋಲು ಹಿಡಿದೇ ತೂಕಡಿಸುತ್ತಿದ್ದರು. ಅವರ ತಲೆ ವಾಲಿದಾಗ ಪರದೆಯ ಮೇಲಿನ ಜನರೂ ಮೆಲ್ಲಗೆ ವಾಲುತ್ತಿದ್ದರು.

ಒಂದು ಸಂಜೆ ಪರದೆಯ ಮೇಲೆ ಸಿಂಹವೇ ಬಂತು. ಹುಲ್ಲಿನೊಳಗಿಂದ ಎದ್ದು, ಮೈಮುರಿದು, ನಮ್ಮ ಕಡೆಗೇ ನಡೆಯಿತು. ಒಂದೊಂದು ಮೀಸೆಯೂ ಕಂಡಿತು. “ಆಹಾ” ಅಂದರು ಡಾಕ್ಟರು.

ಹೆಂಡತಿ ಬಂದು ನೋಡಿದಳು. ಸಿಂಹವನ್ನಲ್ಲ.

“ನಮ್ಮಣ್ಣ ಏನು ಕಂಬಾನಾ? ಇದನ್ನ ಓಡಿದ ಲೆಕ್ಕಕ್ಕೆ ಹಿಡಿಯಲ್ಲ ನಾನು.”

ಮರುದಿನ ಭಾವ ಊರಿಗೆ ಹೊರಟರು. ಬಸ್ಸಿನ ಕಿಟಕಿಯಿಂದ ಕೈ ಬೀಸಿ ನನ್ನನ್ನು ಕೇಳಿದರು, “ಸಿಂಹ ಹೇಗಿತ್ತು?”

೬. ಕೊನೆಯ ಸಂಜೆ

ಹಬ್ಬ ಹತ್ತಿರ ಬಂತು. ಮರುದಿನ ಬೆಳಗ್ಗೆ ಬರಲು ಗುಜರಿಯವನಿಗೆ ಹೇಳಿಯಾಗಿತ್ತು. ಉಳಿದದ್ದು ಒಂದು ಸಂಜೆ, ಒಂದು ಟಿವಿ.

ಗೆಳೆಯ ಭದ್ರಾವತಿಯಿಂದ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ವೈರು ಮತ್ತೆ ಸಿಕ್ಕಿಸಿದ. ತುದಿಯ ತುಕ್ಕು ಉಜ್ಜಿದ. ನಡುಕ ಇರಲಿಲ್ಲ. ಅಷ್ಟೇ ಕೆಲಸ ಇದ್ದದ್ದು.

“ನೋಡೋಳು ನಾನು. ನಿಮ್ಮನ್ನ ನಂಬಲ್ಲ,” ಅಂದಳು ಹೆಂಡತಿ. ಕುರ್ಚಿ ಹಾಕಿಕೊಂಡು ತನ್ನ ಧಾರಾವಾಹಿಗಳೇ ಬರಲಿ ಅಂದಳು. ಆರಕ್ಕೆ ಹಾಕಿದೆವು. ದೀಪ ಆರಿಸಿದೆವು.

ಬೂದು ಬೆಳಕು ಹಾಲ್‌ನಲ್ಲೆಲ್ಲ ಹರಡಿತು. ಗೋಡೆಯುದ್ದ ಸೋತ ಟಿವಿಗಳ ಗಾಜುಗಳಲ್ಲಿ ಅದೇ ಚಿತ್ರ ಸಣ್ಣಗೆ ಆಡಿತು. ಎಲ್ಲವೂ ಓಡುತ್ತಿರುವ ಹಾಗೆ. ಹೆಂಡತಿಯ ಕನ್ನಡಕದಲ್ಲೂ ಎರಡು ಟಿವಿ. ಏಳಾಯಿತು. ಎಂಟಾಯಿತು. ಡಾಕ್ಟರು ಬಾಯಿ ತೆರೆದು ನಿದ್ದೆ ಹೋದರು. ಗೆಳೆಯ ಗೋಡೆಗೆ ಒರಗಿದ್ದ. ನಿದ್ದೆಯಲ್ಲೇ ಕೈಯಾಡಿಸಿ, “ಜರುಗ್ರೋ, ಹಿಂದಿರೋರಿಗೆ ಕಾಣಲ್ಲ,” ಅಂದ. ಕ್ವಾರ್ಟರ್ಸಿನ ಹಾಲ್‌ನಲ್ಲಿದ್ದ ಅಂತ ಕಾಣುತ್ತದೆ. ನನಗೂ ಕಣ್ಣು ಎಳೆಯಿತು.

ಒಂಬತ್ತಕ್ಕೆ ಸ್ವಲ್ಪ ಮುಂಚೆ. ಧಾರಾವಾಹಿಯಲ್ಲಿ ಮನೆಯ ಸೊಸೆ ಬಾಗಿಲ ಹತ್ತಿರ ನಿಂತಿದ್ದಳು. ಹೊರಗೆ ಯಾರೋ ಬಡಿಯುತ್ತಿದ್ದರು. ಚಿಲಕಕ್ಕೆ ಕೈ ಹಾಕಿದಳು.

ಟಿವಿ ನಿಂತಿತು.

ಹೆಂಡತಿ ಕತ್ತಲ ಕಡೆಗೆ ನೋಡುತ್ತ ಕೂತಳು. ಆಮೇಲೆ ನಮ್ಮ ಕಡೆ ತಿರುಗಿದಳು. ಡಾಕ್ಟರ ಗೊರಕೆ. ಗೆಳೆಯನ ಗೊರಕೆ. ನಾನು ಕಣ್ಣು ಮುಚ್ಚಿದೆ. ಪೂರ್ತಿ ಮುಚ್ಚಲಿಲ್ಲ.

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟಿವಿಯ ಎಡಕ್ಕೆ ಹೋಗಿ ಒಂದು ಬಿಟ್ಟಳು. ಬಳೆಗಳ ಸದ್ದಾಯಿತು.

ದನಿ ಬಂತು. ಬೆಳಕು ಬಂತು. ಬಾಗಿಲು ತೆರೆದಿತ್ತು. ಅವಳು ಬಂದು ಕೂತಳು.

ಒಂಬತ್ತಕ್ಕೆ ಗುಂಡಿ ತಿರುಗಿಸಿ, ಬಿಳಿ ಚುಕ್ಕೆ ಹೋಗುವವರೆಗೂ ನೋಡಿ, ದೀಪ ಹಾಕಿದಳು.

“ಏಳ್ರಿ ಎಲ್ಲಾ. ಒಂಬತ್ತಾಯ್ತು.”

ಗೆಳೆಯ ಬೆಚ್ಚಿ ಎದ್ದ. “ಅತ್ತಿಗೆ! ನಿಂತಿತಾ?”

“ಎಲ್ಲಿ ನಿಂತಿತು? ಓಡ್ತಾನೇ ಇತ್ತು.”

“ಯಾರೂ ಮುಟ್ಟಿಲ್ಲ ತಾನೇ?”

“ಯಾರು ಮುಟ್ತಾರೆ? ಮೂರು ಜನಾನೂ ಗೊರಕೆ ಹೊಡೀತಿದ್ರಿ.”

ಗೆಳೆಯ ಟಿವಿಗೆ ಕೈಮುಗಿದ. ನಾನು ಕಣ್ಣುಜ್ಜಿಕೊಂಡು ಆಕಳಿಸಿದೆ.

ಬೆಳಗ್ಗೆ ಗುಜರಿಯವನಿಗೆ ಹಳೆ ಪೇಪರ್ ಕೊಟ್ಟು ಕಳಿಸಿದೆವು. ಸೋತ ಟಿವಿಗಳನ್ನು ಡಾಕ್ಟರು ಕ್ಲಿನಿಕ್ಕಿಗೆ ಒಯ್ದರು. ಎಲ್ಲಕ್ಕೂ ಕಸೂತಿ ಬಟ್ಟೆ ಹೊದಿಸಿದ್ದಾರೆ. ಅವತ್ತಿನಿಂದ ಒಂದೂ ಕೆಟ್ಟಿಲ್ಲ.

ಭದ್ರಾವತಿಯದ್ದು ಹಾಲ್‌ನಲ್ಲಿದೆ. ಎಡಮಗ್ಗುಲ ಪಾಲಿಶ್ ಮೇಲೆ ಬಳೆಯ ಗೀರು ಇದೆ.