ತೊಂಬತ್ತು ಭಾಗ ಮುಗಿದ ನಲ್ಲಿ

ಮನುಷ್ಯನಿಗೆ ಬದುಕಿನಲ್ಲಿ ಏನು ಬೇಕು ಅಂತ ತಿಳಿದವರು ಏನೇನೋ ಹೇಳಿದ್ದಾರೆ. ನನಗೆ ಬೇಕಾಗಿದ್ದದ್ದು ಒಂದು ಬಾಗಿಲು. ಒಳಗೆ ಹೋಗಿ ಹಾಕಿಕೊಳ್ಳುವುದಕ್ಕೆ ಬರುವಂಥ ಸಾಧಾರಣ ಬಾಗಿಲು.

ಮನೆಯಲ್ಲಿ ನನಗೊಂದು ಕೋಣೆ ಇತ್ತು. ಎರಡು ವರ್ಷದ ಹಿಂದೆ ನಮ್ಮ ಅತ್ತೆ (ಹೆಂಡತಿಯ ತಾಯಿ; ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು) "ನಾಲ್ಕು ದಿನ ಇದ್ದು ಹೋಗ್ತೀನಿ" ಅಂತ ಬಂದರು. ಆ ನಾಲ್ಕು ದಿನ ಇನ್ನೂ ನಡೆಯುತ್ತಿದೆ. ಕೋಣೆ ಅವರದಾಯಿತು; ನನ್ನ ಮೇಜು, ನನ್ನ ಪುಸ್ತಕ ಮತ್ತು ನಾನು ಹಾಲಿಗೆ ಬಂದೆವು. ಆಫೀಸಿನಲ್ಲೂ ಅದೇ ಹಣೆಬರಹ. ನನ್ನ ಜಾಗ ಪ್ರಿಂಟರಿಗೂ ನೀರಿನ ಯಂತ್ರಕ್ಕೂ ನಡುವೆ. ಕಾಗದ ಸಿಕ್ಕಿಕೊಂಡವರು ಎಡಗಡೆ ನಿಂತು ಬೈಯುತ್ತಾರೆ, ಬಾಯಾರಿದವರು ಬಲಗಡೆ ನಿಂತು ಹರಟುತ್ತಾರೆ. ಹನ್ನೆರಡು ವರ್ಷದಿಂದ ನಾನು ಈ ಎರಡು ಸಂಗೀತಗಳ ಮಧ್ಯೆ ಕೆಲಸ ಮಾಡುತ್ತಿದ್ದೇನೆ.

ಹಾಗಿರುವಾಗ ನಮ್ಮ ಎಂ.ಡಿ. ಮೇಡಂ ಯಾವುದೋ ದೊಡ್ಡ ಸಮ್ಮೇಳನಕ್ಕೆ ಹೋಗಿ ಬಂದರು. ನಮ್ಮದು ಕುರ್ಚಿ ತಯಾರಿಸುವ ಕಂಪನಿ. ಇನ್ನು ಮೇಲೆ ನಾವೆಲ್ಲ 'ಅಜೈಲ್' ಆಗಬೇಕು, ಅಂದರೆ ಚುರುಕಾಗಬೇಕು, ಕೆಲಸವನ್ನು ಎರಡೆರಡು ವಾರದ ತುಂಡು ಮಾಡಿಕೊಂಡು ಓಡಬೇಕು, ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷ ಸಭೆ ಮಾಡಬೇಕು ಅಂತ ಅಪ್ಪಣೆಯಾಯಿತು. (ಕುರ್ಚಿ ಮಾರುವವರೇ ನಿಂತುಕೊಂಡು ಸಭೆ ಮಾಡಿದರೆ ಗಿರಾಕಿಗಳು ಏನೆಂದುಕೊಂಡಾರು ಎಂದು ಕೇಳುವ ಆಸೆಯಾಯಿತು. ಕೇಳಲಿಲ್ಲ.) ಇದನ್ನೆಲ್ಲ ನೋಡಿಕೊಳ್ಳುವುದಕ್ಕೆ ಹೊಸ ಮುಖ್ಯಸ್ಥರ ಹುದ್ದೆ, ಆ ಹುದ್ದೆಗೆ ಮೂಲೆಯ ಕ್ಯಾಬಿನ್. ಕ್ಯಾಬಿನ್ನಿಗೆ ಬಾಗಿಲು!

"ಯಾರಿಗೆ ಆಸಕ್ತಿ ಇದೆಯೋ ಅವರು ಎರಡು ವಾರ ಎಲ್ಲಾದರೂ ಈ ಪದ್ಧತಿ ನಡೆಸಿ ತೋರಿಸಿ. ಭಾಷಣ ಬೇಡ, ನಡೆದದ್ದು ಬೇಕು" ಎಂದರು ಮೇಡಂ.

ಎಲ್ಲಿ ನಡೆಸಲಿ? ನನ್ನ ಕೈಕೆಳಗೆ ಇರುವುದು ಒಂದು ಸ್ಟೇಪ್ಲರ್ ಮಾತ್ರ. ಆಗ ತಲೆಗೆ ಹೊಳೆಯಿತು: ಮನೆ! ನಾಲ್ಕು ಜನ, ನೂರೆಂಟು ಕೆಲಸ, ಲೆಕ್ಕವಿಲ್ಲದಷ್ಟು ಜಗಳ. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಗಬೇಕು?

ಭಾನುವಾರ ಹಾಲಿನಲ್ಲಿರುವ ಫ್ರಿಜ್ಜಿನ ಪಕ್ಕದ ಗೋಡೆಗೆ ದೊಡ್ಡ ಬಿಳಿ ಹಲಗೆ ಹೊಡೆದೆ. ಮೂರು ಮನೆ ಗೀಚಿ 'ಮಾಡಬೇಕು', 'ಮಾಡುತ್ತಿದ್ದೇವೆ', 'ಮುಗೀತು' ಎಂದು ಬರೆದೆ. ಹಳದಿ ಚೀಟಿಗಳ ಕಟ್ಟು ತಂದಿಟ್ಟೆ. ಫ್ರಿಜ್ಜಿನ ಮೇಲೆ ಆಫೀಸಿನಿಂದ ಕೊಟ್ಟಿದ್ದ ಟ್ಯಾಬ್ಲೆಟ್ ನಿಲ್ಲಿಸಿದೆ. ಅದರಲ್ಲಿ ಕೃತಕ ಬುದ್ಧಿಯ ಗುಮಾಸ್ತನೊಬ್ಬನಿದ್ದಾನೆ. ಜನ ಮಾತಾಡಿದ್ದನ್ನು ಕೇಳಿಸಿಕೊಂಡು, ಯಾರು ಏನು ಹೇಳಿದರು ಅಂತ ಗುರುತು ಹಿಡಿದು, ಅಚ್ಚುಕಟ್ಟಾಗಿ ವರದಿ ಬರೆಯುತ್ತಾನೆ. ಮಗಳು ಅವನಿಗೆ ಚಿತ್ರಗುಪ್ತ ಅಂತ ಹೆಸರಿಟ್ಟಳು. ಶುರು ಮಾಡುವಾಗ ಚಿತ್ರಗುಪ್ತ ನನ್ನನ್ನು ಹನ್ನೊಂದು ಪ್ರಶ್ನೆ ಕೇಳಿದ. ಹನ್ನೊಂದಕ್ಕೂ 'ಹೌದು' ಒತ್ತಿದೆ. (ನೀವು ಓದಿ ಒತ್ತುವವರಾದರೆ ನಿಮಗೆ ನನ್ನ ನಮಸ್ಕಾರ.) ವರದಿಗಳು ನನ್ನ ಮೇಲ್‌ನಲ್ಲಿ 'ಆಮೇಲೆ ಓದುವುದು' ಎಂಬ ಕಡತಕ್ಕೆ ತಾವಾಗಿಯೇ ಹೋಗುವಂತೆ ಮಾಡಿದೆ. ಆ ಕಡತದಲ್ಲಿ ಆರು ವರ್ಷದಿಂದ ಏನೇನೋ ನೆಮ್ಮದಿಯಾಗಿ ಮಲಗಿವೆ.

ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲ ಸಭೆ. ನನ್ನಾಕೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದು ಬಂದಳು. ಎಂಟನೇ ತರಗತಿಯ ಮಗಳು ಕಣ್ಣು ಮುಚ್ಚಿಕೊಂಡೇ ನಿಂತಳು. ಅತ್ತೆ ಮಾತ್ರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಏಳಕ್ಕೆ ಐದು ನಿಮಿಷ ಇರುವಾಗಲೇ ಹಾಜರು.

"ಪ್ರತಿಯೊಬ್ಬರೂ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು" ಎಂದು ಗಂಟಲು ಸರಿಮಾಡಿಕೊಂಡೆ. "ನಿನ್ನೆ ಏನು ಮಾಡಿದಿರಿ? ಇವತ್ತು ಏನು ಮಾಡ್ತೀರಿ? ಏನು ಅಡ್ಡಿ ಇದೆ?"

"ಇದೇನು ಹೊಸದು ಅಳಿಯಂದ್ರೆ?" ಎಂದರು ಅತ್ತೆ. "ನಮ್ಮ ವಾರ್ಡಿನಲ್ಲಿ ಪಾಳಿ ಬದಲಾಗುವಾಗ ದಿನಕ್ಕೆ ಮೂರು ಸಲ ಇದನ್ನೇ ಮಾಡ್ತಿದ್ವಲ್ಲ. ರೋಗಿಗೆ ಏನಾಯ್ತು, ಏನಾಗಬೇಕು, ಏನು ತೊಂದರೆ. ನಿಂತೇ."

"ಅದು ಬೇರೆ ಅತ್ತೆ. ಇದು ಆಧುನಿಕ."

"ಓ, ಸರಿ ಸರಿ" ಎಂದರು. ಆ 'ಸರಿ ಸರಿ'ಯ ಧ್ವನಿ ನನಗೆ ಹಿಡಿಸಲಿಲ್ಲ.

"ರೀ, ಮೊದಲ ಚೀಟಿ ನಾನು ಬರೀತೀನಿ" ಎಂದಳು ನನ್ನಾಕೆ. 'ಅಡುಗೆಮನೆ ನಲ್ಲಿ ಸೋರುತ್ತೆ. ಇವರು' ಎಂದು ಬರೆದು ಹಲಗೆಗೆ ಫಟ್ಟನೆ ಅಂಟಿಸಿದಳು. ಆ ನಲ್ಲಿ ಹನ್ನೊಂದು ತಿಂಗಳಿಂದ ಟಪ್ ಟಪ್ ಎನ್ನುತ್ತಿತ್ತು. ಕೊಳಾಯಿ ರಿಪೇರಿಯವನನ್ನು ಕರೆಸೋಣ ಎಂದು ಅವಳು ಹೇಳಿದಾಗಲೆಲ್ಲ "ಇಷ್ಟಕ್ಕೆಲ್ಲ ಅವನ್ಯಾಕೆ, ನಾನಿಲ್ವಾ?" ಎಂದವನು ನಾನೇ.

"ಇವತ್ತು ಮಾಡ್ತೀನಿ" ಎಂದೆ. ಚೀಟಿಯನ್ನು ಗಂಭೀರವಾಗಿ ನಡುವಿನ ಮನೆಗೆ ಸರಿಸಿದೆ. ಸರಿಸಿದ ಮೇಲೆ ಕೆಲಸ ಅರ್ಧ ಮುಗಿದಂಥ ತೃಪ್ತಿಯಾಯಿತು. ಈ ಪದ್ಧತಿಯ ಸೊಗಸೇ ಅದು.

ಎರಡನೆಯ ದಿನ ಆಫೀಸಿನಲ್ಲಿ ಒಂದು ವಿಚಿತ್ರ ನಡೆಯಿತು. ಹೆಚ್ಚು ಮಾತಿಲ್ಲದ ಮನುಷ್ಯ ನಮ್ಮ ಸ್ಟೋರ್ ಕೀಪರ್. ನೀರು ಕುಡಿಯಲು ಬಂದವರು ನನ್ನ ಮೇಜಿನ ಮೇಲೆ ಒಂದು ಪುಟ್ಟ ರಬ್ಬರ್ ವಾಷರ್ ಇಟ್ಟರು. "ಇಟ್ಕೊಳ್ಳಿ. ಉಪಯೋಗಕ್ಕೆ ಬರುತ್ತೆ" ಎಂದು ಹೊರಟುಹೋದರು. ಹೊಸ ಮುಖ್ಯಸ್ಥನಾಗುವವನನ್ನು ಈಗಿನಿಂದಲೇ ಓಲೈಸುತ್ತಿದ್ದಾರೆ, ಪಾಪ, ಕೈಲಾದದ್ದು ಕೊಟ್ಟಿದ್ದಾರೆ ಎಂದುಕೊಂಡು ಪೆನ್ಸಿಲ್ ಡಬ್ಬಿಗೆ ಹಾಕಿದೆ.

ಮೂರನೆಯ ದಿನಕ್ಕೆ ನನ್ನ ಆರಂಭ ಶೂರತ್ವ ಸ್ವಲ್ಪ ಇಳಿಯಿತು. ಏಳಕ್ಕೆ ಏಳುವುದೇ ಕಷ್ಟವಾಗಿ, ಸಭೆಗೆ ಬಂದು "ನಲ್ಲಿ ಇವತ್ತು ಮಾಡ್ತೀನಿ" ಎಂದು ಒದರಿ ಸ್ನಾನಕ್ಕೆ ಓಡಲು ಶುರುಮಾಡಿದೆ. ನಾನು ಹೋದ ಮೇಲೆ ಸಭೆ ಮುಂದುವರಿಯುತ್ತಿತ್ತು. ಬಚ್ಚಲಿನ ಸದ್ದಿನ ನಡುವೆಯೂ ಅತ್ತೆಯ ದನಿ ಕೇಳಿಸುತ್ತಿತ್ತು. "ನಿನ್ನ ವಿಜ್ಞಾನದ ಮಾದರಿ ಎಲ್ಲಿಗೆ ಬಂತು? ಅಂಟು ಸಿಗಲಿಲ್ವಾ? ಅದನ್ನ ನಿನ್ನೇನೇ ಹೇಳಬೇಕಿತ್ತು. ಅಡ್ಡಿ ಬಚ್ಚಿಟ್ಟರೆ ರೋಗ ಬಚ್ಚಿಟ್ಟಂಗೆ." ಮಗಳು ಎದುರು ಮಾತಾಡುತ್ತಿರಲಿಲ್ಲ. ನಾನು ಹೇಳಿದರೆ "ಅಪ್ಪಾ, ಪ್ಲೀಸ್" ಎನ್ನುವವಳು!

ದಿನ ಕಳೆದಂತೆ ಹಲಗೆಯ 'ಮುಗೀತು' ಮನೆ ಹಳದಿಯಿಂದ ತುಂಬಿತು. ಅಟ್ಟ ಶುಚಿಯಾಯಿತು. ಪರದೆಗಳನ್ನು ಒಗೆದದ್ದಾಯಿತು. ಕಳೆದುಹೋಗಿದ್ದ ಛತ್ರಿ, ಬಾಗಿಲ ಕೀ, ನನ್ನದೊಂದು ಹಳೆಯ ಪ್ರಶಸ್ತಿ ಪತ್ರ (ಚೀಲ ಎತ್ತಿಕೊಂಡು ಓಡುವ ಸ್ಪರ್ಧೆ, ಸಮಾಧಾನಕರ ಬಹುಮಾನ) ಎಲ್ಲ ಸಿಕ್ಕವು. ನಡುವಿನ ಮನೆಯಲ್ಲಿ ಒಂದೇ ಚೀಟಿ ಅಂಚು ಮುದುರಿಕೊಂಡು ಉಳಿದಿತ್ತು. ಅದು ಯಾವುದು ಅಂತ ಬೇರೆ ಹೇಳಬೇಕೆ?

"ನಲ್ಲಿ, ಅಳಿಯಂದ್ರೆ?"

"ಇವತ್ತು ಅತ್ತೆ."

"ಸರಿ ಸರಿ."

ಆಶ್ಚರ್ಯವೆಂದರೆ ಮೊದಲ ವಾರದ ಮಧ್ಯದಿಂದ ಯಾರೂ ನನ್ನನ್ನು ಬೈಯುವುದನ್ನೇ ಬಿಟ್ಟರು. ನನ್ನಾಕೆ ಮುಖ ತಿರುಗಿಸಿಕೊಂಡು ಕಾಫಿ ಕುಡಿಯುತ್ತಿದ್ದಳು. ಮಗಳಿಗೆ ದಿನಾ ಅದೇ ಹೊತ್ತಿಗೆ ಕೆಮ್ಮು ಬರುತ್ತಿತ್ತು. ಪದ್ಧತಿ ಮನೆಯಲ್ಲಿ ಸೌಹಾರ್ದ ಬೆಳೆಸುತ್ತದೆ ಎಂದು ನಾನು ಎರಡು ವಾರದ ಮೇಲೆ ಆಫೀಸಿನಲ್ಲಿ ಎಲ್ಲರೆದುರು ಮಾಡಬೇಕಾದ ಭಾಷಣಕ್ಕೆ ಗುರುತು ಹಾಕಿಕೊಂಡೆ. ಆಫೀಸಿನಲ್ಲೂ ಎಲ್ಲರೂ ನನ್ನನ್ನು ಕಂಡು ನಗುತ್ತಿದ್ದರು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ತಲೆ ಎತ್ತದ ಸ್ವಾಗತಕಾರಿಣಿ ಕೂಡ "ಇವತ್ತು ಮಾಡ್ತೀರಾ ಸಾರ್?" ಎಂದು ವಿಚಾರಿಸಿಕೊಂಡಳು. ಭಾಷಣದ ಬಗ್ಗೆ ಕೇಳುತ್ತಿದ್ದಾಳೆ ಎಂದುಕೊಂಡು "ಸೋಮವಾರ, ತಪ್ಪದೇ ಬನ್ನಿ" ಎಂದೆ. ತಪ್ಪದೇ ಬಂದಳು.

ಹದಿನೈದನೆಯ ದಿನ, ಸೋಮವಾರ, ಸಭಾಂಗಣ ಕಿಕ್ಕಿರಿದಿತ್ತು. ನೀರಿನ ಯಂತ್ರದ ಬಳಿ ಒಬ್ಬರೂ ಇರಲಿಲ್ಲ, ಅಂದ ಮೇಲೆ ನೀವೇ ಊಹಿಸಿಕೊಳ್ಳಿ. ಮೇಡಂ ಮುಂದಿನ ಸಾಲಿನಲ್ಲಿ. ನಾನು ಕೋಟು ಹಾಕಿಕೊಂಡು ನಿಂತೆ. ಹಲಗೆಯ ಚಿತ್ರ ತೋರಿಸಿದೆ, ಹದಿನಾಲ್ಕು ದಿನದಲ್ಲಿ ನಲವತ್ತೊಂದು ಕೆಲಸ ಮುಗಿದದ್ದನ್ನು ಬಣ್ಣಿಸಿದೆ. "ನಾಯಕತ್ವ ಎಂದರೆ ಎಲ್ಲ ಕೆಲಸ ತಾನೇ ಮಾಡುವುದಲ್ಲ" ಎಂದಾಗ ಹಿಂದಿನಿಂದ ಯಾರೋ ಜೋರಾಗಿ ಚಪ್ಪಾಳೆ ತಟ್ಟಿದರು.

"ಒಂದು ಕೆಲಸ ಉಳಿದಿದೆಯಲ್ಲ?" ಎಂದರು ಮೇಡಂ. "ಆ ನಲ್ಲಿ?"

ಚಿತ್ರದಲ್ಲಿ ಆ ಒಂದು ಚೀಟಿ ಕಾಣಿಸುತ್ತಿದೆಯಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೂ ಎದೆಗುಂದಲಿಲ್ಲ. "ಅದು ನೂರಕ್ಕೆ ತೊಂಬತ್ತು ಭಾಗ ಮುಗಿದಿದೆ ಮೇಡಂ" ಎಂದೆ. ಸುಳ್ಳಲ್ಲ. ಯೋಚನೆ ಪೂರ್ತಿಯಾಗಿತ್ತು, ವಾಷರ್ ಡಬ್ಬಿಯಲ್ಲಿತ್ತು, ಸ್ಪ್ಯಾನರ್ ಎಲ್ಲಿದೆ ಎಂದು ಅಂದಾಜಿತ್ತು. ಉಳಿದಿದ್ದು ತಿರುಗಿಸುವುದೊಂದೇ. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ನಾಲಿಗೆ ಕೇಳಬೇಕಲ್ಲ? "ಇವತ್ತು ಬೆಳಿಗ್ಗೆ ಕೂಡ ಅದರ ಟಪ್ ಟಪ್ ಸದ್ದನ್ನು ಪರೀಕ್ಷಿಸಿಯೇ ಬಂದೆ. ಮೊದಲಿಗಿಂತ ತುಂಬ ಕಡಿಮೆಯಾಗಿದೆ."

ನಗು ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ, ಕುರ್ಚಿಗಳು ಅಲ್ಲಾಡಿಹೋದವು. ಸ್ಟೋರ್ ಕೀಪರ್ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಡಂ ಪರದೆಯ ಕಡೆ ಕೈ ತೋರಿಸಿದರು. ಅಲ್ಲಿ ಚಿತ್ರಗುಪ್ತನ ವರದಿ ಮೂಡಿತು.

'ನಾಲ್ಕನೆಯ ದಿನ, ಗುರುವಾರ. ಮನೆಯ ಯಜಮಾನರು: ನಲ್ಲಿ ಇವತ್ತು ಮಾಡುತ್ತೇನೆ ಎಂದರು. ಯಜಮಾನರು ಸ್ನಾನಕ್ಕೆ ಹೋದರು. ಅಜ್ಜಿ: ನಲ್ಲಿಯನ್ನು ನಿನ್ನೆ ಮಧ್ಯಾಹ್ನವೇ ಬಿಚ್ಚಿ ಸರಿಮಾಡಿದ್ದಾಗಿ ತಿಳಿಸಿದರು. ಹಿಡಿದ ಸಮಯ: ಆರು ನಿಮಿಷ. ನಿರ್ಣಯ: ಯಜಮಾನರಿಗೆ ಹೇಳುವುದು ಬೇಡ, ಎಷ್ಟು ದಿನ ಇವತ್ತು ಎನ್ನುತ್ತಾರೋ ನೋಡೋಣ. ಮೊಮ್ಮಗಳ ಅಂದಾಜು: ಒಂದು ವಾರ. ಹೆಂಡತಿಯ ಅಂದಾಜು: ಸಾಯುವವರೆಗೆ. ಒಮ್ಮತದಿಂದ ಅಂಗೀಕಾರ.'

ಆ ಹನ್ನೊಂದು ಪ್ರಶ್ನೆಗಳಲ್ಲಿ ಏಳನೆಯದು 'ದಿನದ ವರದಿಯನ್ನು ಆಫೀಸಿನ ಎಲ್ಲರಿಗೂ ಕಳಿಸಲೇ?' ಎಂದಿತ್ತಂತೆ. ಹದಿನಾಲ್ಕು ದಿನವೂ ಬೆಳಿಗ್ಗೆ ಏಳೂವರೆಗೆ ಎಪ್ಪತ್ತಮೂರು ಜನ ಕಾಫಿ ಜೊತೆಗೆ ನನ್ನ ಮನೆಯನ್ನು ಓದಿದ್ದರು. ಓದದವನು ನಾನೊಬ್ಬನೇ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಜವಾಗಿಯೂ ನಾಚಿಕೆಯಾಯಿತು. ಸೋರದ ನಲ್ಲಿಯ ಸದ್ದನ್ನು ಪರೀಕ್ಷಿಸಿ ಬಂದವನು ಲೋಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ಮೇಡಂ ಮಾತ್ರ ನಗಲಿಲ್ಲ. "ಪದ್ಧತಿ ಗೆದ್ದಿದೆ" ಎಂದರು. "ನಾಲ್ಕನೇ ದಿನದಿಂದ ವರದಿಯಲ್ಲಿ ಸಭೆ ನಡೆಸಿದವರು ಯಾರು ಅಂತ ನೋಡ್ತಿದ್ದೆ. ಅವರು ನಮಗೆ ಬೇಕು. ಒಪ್ತಾರಾ ಕೇಳಿ ನೋಡಿ."

ಮನೆಗೆ ಬಂದವನೇ ಅಡುಗೆಮನೆಗೆ ಹೋಗಿ ನಲ್ಲಿಯ ಮುಂದೆ ನಿಂತೆ. ಒಂದು ಹನಿಯೂ ಇಲ್ಲ. ತಳತಳ ಹೊಳೆಯುತ್ತಿತ್ತು.

"ಹನ್ನೆರಡು ದಿನ, ರೀ!" ಎಂದಳು ನನ್ನಾಕೆ ಹಿಂದಿನಿಂದ. "ಒಂದ್ ಸಲ ಬಂದು ನೋಡಿದ್ದಿದ್ರೆ ಸಾಕಿತ್ತು. ನಿಮಗೆ ದೂರದ ಕ್ಯಾಬಿನ್ ಚೆನ್ನಾಗಿ ಕಾಣುತ್ತೆ. ಹತ್ತಿರದ್ದು ಏನೂ ಕಾಣಲ್ಲ. ನಾಳೆ ಅಂಗಡಿಗೆ ಬನ್ನಿ, ಪರೀಕ್ಷೆ ಮಾಡ್ತೀನಿ."

"ನನ್ನ ಮಾನ ಹೋಯ್ತಲ್ಲೇ!"

"ಎಲ್ಲಿ ಹೋಗುತ್ತೆ? ಫ್ರಿಜ್ ಮೇಲೆ ರೆಕಾರ್ಡ್ ಆಗಿದೆ" ಎಂದಳು ಮಗಳು. ಅವಳ ಕೆಮ್ಮು ಅಂದೇ ವಾಸಿಯಾಯಿತು.

ಮೇಡಂ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ. ಬೇಡ ಎನ್ನುತ್ತಾರೆ, ವಯಸ್ಸಾಯಿತು ಎನ್ನುತ್ತಾರೆ ಎಂಬ ಸಣ್ಣ ಆಸೆ ಇತ್ತು. ಅವರು ಕನ್ನಡಕ ಸರಿಮಾಡಿಕೊಂಡು "ವಾರಕ್ಕೆ ಎಷ್ಟು ದಿನ?" ಎಂದು ಕೇಳಿದರು. ಆಮೇಲೆ ನನ್ನ ಮುಖ ನೋಡಿ, ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ ಅಳಿಯಂದ್ರೆ. ಎರಡು ವರ್ಷದಿಂದ ಆ ಕೋಣೆಯಲ್ಲಿ ಸುಮ್ನೆ ಕೂತು ಸಾಕಾಗಿತ್ತು. ನೀವು ಹಲಗೆ ಹೊಡೆದ ದಿನ ನನಗೆ ಜೀವ ಬಂದಂಗಾಯ್ತು" ಎಂದರು. ಇಂಥ ಮಾತು ಕೇಳಿದ ಮೇಲೆ ಕೋಪ ಹೇಗೆ ಮಾಡಲಿ? ಪ್ರಯತ್ನಪಟ್ಟೆ, ಬರಲಿಲ್ಲ.

ಈಗ ಅತ್ತೆ ವಾರಕ್ಕೆ ಮೂರು ದಿನ ನನ್ನ ಜೊತೆ ಆಫೀಸಿಗೆ ಬರುತ್ತಾರೆ. ಬೆಳಿಗ್ಗೆಯ ಸಭೆಯಲ್ಲಿ ಎಪ್ಪತ್ತಮೂರು ಜನ ಉಗುರು ಕತ್ತರಿಸಿಕೊಂಡು ಬಂದು ನಿಲ್ಲುತ್ತಾರೆ. ಮೊನ್ನೆ ಅತ್ತೆ ಮೇಡಂ ಅವರನ್ನೇ "ನಿನ್ನೆ ಹೇಳಿದ್ದು ಆಯ್ತೇನಮ್ಮಾ?" ಎಂದು ಕೇಳಿದರು, ಮೇಡಂ ನೆಲ ನೋಡಿದರು. ಮೂಲೆಯ ಕ್ಯಾಬಿನ್ ಅತ್ತೆಯದು. ಅವರಿಗೆ ಸಹಾಯಕ್ಕೆ ಯಾರಾದರೂ ಬೇಕೆಂದು ನನ್ನ ಮೇಜನ್ನು ಕ್ಯಾಬಿನ್ನಿನ ಮುಂದೆ ತಂದು ಹಾಕಿದ್ದಾರೆ. ಹೀಗಾಗಿ ಮನೆಯಲ್ಲೂ ನಾನು ಅತ್ತೆಯ ಬಾಗಿಲ ಹೊರಗೆ, ಆಫೀಸಿನಲ್ಲೂ ಅತ್ತೆಯ ಬಾಗಿಲ ಹೊರಗೆ.

ಅಂದ ಹಾಗೆ, ಆ ಕ್ಯಾಬಿನ್ನಿನ ಬಾಗಿಲು ತೆಗೆದಾಗಲೆಲ್ಲ ಕಿರ್ರೋ ಎನ್ನುತ್ತದೆ. ಅದಕ್ಕೆ ಎಣ್ಣೆ ಬಿಡಬೇಕೆಂದು ಆಫೀಸಿನ ಹಲಗೆಯ ಮೇಲೆ ನನ್ನ ಹೆಸರಿಗೆ ಒಂದು ಹಳದಿ ಚೀಟಿ ಅಂಟಿಸಿ ಒಂಬತ್ತು ದಿನವಾಯಿತು. ನೀವು ಏನೇನೋ ಊಹಿಸಿಕೊಳ್ಳಬೇಡಿ. ಎಣ್ಣೆಯ ಡಬ್ಬಿ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಅಂದರೆ ತೊಂಬತ್ತು ಭಾಗ ಮುಗಿದ ಹಾಗೆಯೇ.